ಹೊಳೆ ದಾಟಿ ತಂಗಿಯಾದ ಹೆಂಡತಿ

"ಕೇಳಿರಪ್ಪೋ ಕೇಳಿ! ಹೊರನಾಡಿನಿಂದ ಬಂದು ಊರಬಾಗಿಲಲ್ಲಿ ಸುಳ್ಳು ಹೇಳಿದವರು ಆಸ್ಥಾನಕ್ಕೆ ಬರಬೇಕು. ರಾಣಿ ಚಾಮಲಾದೇವಿ ಮೂರು ಒಗಟು ಕೇಳುತ್ತಾರೆ. ಬಿಡಿಸಿದರೆ ಸುಳ್ಳು ಮಾಫಿ, ಮನೆಮಂದಿಗೆಲ್ಲ ವಾಸದ ಮುದ್ರೆ. ತಪ್ಪಿದರೆ ತಲೆ ಹೋಯಿತು. ಜೊತೆಗೆ ವಕೀಲರನ್ನು ಕರೆತರಬಹುದು!"

ಡಂಗುರ ಕೇಳಿ ಮಾಚನ ಕೈಯಲ್ಲಿದ್ದ ಮಗ್ಗದ ಲಾಳಿ ನಿಂತಿತು.

ಆ ಊರಿನ ಕಾನೂನು ವಿಚಿತ್ರ. ನೇಯುವವರು ಅಣ್ಣತಂಗಿಯರಾದರೆ ಇಬ್ಬರನ್ನೂ ಒಳಗೆ ಬಿಡುತ್ತಿದ್ದರು. ಗಂಡಹೆಂಡತಿಯಾದರೆ ಒಬ್ಬರು ಹೊಳೆಯಾಚೆ ಉಳಿಯಬೇಕು. ಇದನ್ನು ಬರೆದವನಿಗೆ ಹೆಂಡತಿ ಇದ್ದಿರಲಾರಳು. ಬಾಗಿಲ ಬಳಿಯ ದೊಡ್ಡ ವಕೀಲಮನೆಯವರು ಅಂದು ಮಾಚನ ಕಿವಿಯಲ್ಲಿ, "ತಂಗಿ ಅನ್ನು, ಮುಗೀತು" ಎಂದಿದ್ದರು. ಅವನು ಅಂದ. ಬಸುರಿ ಹೆಂಡತಿ ದ್ಯಾವಿ ಪಕ್ಕದಲ್ಲೇ ನಿಂತಿದ್ದಳು. ಅಂದಿನಿಂದ ಊರಿಗೆ ಅವಳು ವಿಧವೆ, ಅವನು ಅಣ್ಣ.

ಡಂಗುರದ ಹಿಂದಿನ ದಿನವಷ್ಟೇ ಊರಿನ ಗಂಧದಂಗಡಿಯವರು ಆ 'ವಿಧವೆ'ಯನ್ನು ತಮ್ಮ ಮಗನಿಗೆ ಕೇಳಿಕೊಂಡು ಬಂದಿದ್ದರು. ಅಣ್ಣನ ಜಾಗದಲ್ಲಿ ಕೂತ ಮಾಚ ಅವರ ವೀಳ್ಯದ ತಟ್ಟೆಯನ್ನು ಕೈಚಾಚಿ ತೆಗೆದುಕೊಂಡ. ಒಳಗೆ ಮಗುವಿಗೆ ಹಾಲೂಡಿಸುತ್ತಿದ್ದ ದ್ಯಾವಿ ಅದನ್ನು ಕಂಡಳು. ಅವರು ಹೋದ ಮೇಲೆ, "ನಾಳೆ ಧಾರೆಯನ್ನೂ ನೀನೇ ಎರೆದುಬಿಡು ಅಣ್ಣಯ್ಯ" ಎಂದಳು. ಮಾಚನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಡಂಗುರ ಕೇಳಿದ್ದೇ ದೊಡ್ಡ ವಕೀಲಮನೆಗೆ ಓಡಿದ. ಅಲ್ಲಿ ಹಿತ್ತಾಳೆ ಕಂಬ, ರೇಷ್ಮೆ ಶಾಲು, ಪಾನಕ.

"ಹೆದರಬೇಡ. ಹೊಳೆಯಾಚೆ ಅವಳ ಗಂಡ ಸತ್ತದ್ದನ್ನು ನೋಡಿದವರನ್ನೇ ಕರೆಸ್ತೀವಿ. ಗೆದ್ದೇ ಗೆಲ್ತೀವಿ!"

"ಸ್ವಾಮಿ, ಅವಳ ಗಂಡ ನಾನೇ."

"ಅದನ್ನೆಲ್ಲ ನಮಗೆ ಹೇಳಬಾರದು" ಎಂದು ವಕೀಲ ಕಿವಿ ಮುಚ್ಚಿಕೊಂಡ.

ಮಾಚ ಅಲ್ಲಿಂದ ಎದ್ದು, ಬೀದಿಯ ಕೊನೆಯಲ್ಲಿದ್ದ ವಕೀಲೆ ಅಂಬಕ್ಕನ ಮನೆಗೆ ಹೋದ. ಅವಳು ಪಾನಕ ಕೊಡಲಿಲ್ಲ.

"ಯಾರಿಗೂ ಹೇಳಲಾರದ್ದು ಏನಿದೆ, ಅದನ್ನ ಮೊದಲು ಹೇಳು."

ಮಾಚ ಗೋಡೆ ನೋಡಿಕೊಂಡು ಹೇಳಿದ. ವೀಳ್ಯದ ತಟ್ಟೆಯ ತನಕ ಬಂದು ನಿಲ್ಲಿಸಿದ. ಅಂಬಕ್ಕ ಛೀ ಅನ್ನಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ. "ಆಮೇಲೆ?" ಎಂದಳು.

"ಗೆಲ್ತೀವಾ ಅಕ್ಕ?"

"ಗೊತ್ತಿಲ್ಲ ಕಣಪ್ಪ."

ಮಾಚ ಹೊಸಿಲ ತನಕ ಹೋದ. ಗೆದ್ದೇ ಗೆಲ್ತೀವಿ ಎಂದವರ ಮಾತಿಗೆ ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಇವಳ ಮಾತಿಗೆ ಅದೇಕೋ ನಿಧಾನವಾಗಿತ್ತು. ತಿರುಗಿ ಬಂದು ಕೂತ.

ಆಸ್ಥಾನ ತುಂಬಿತ್ತು. ಮಗುವನ್ನೆತ್ತಿಕೊಂಡು ದ್ಯಾವಿಯೂ ಬಂದಿದ್ದಳು.

ರಾಣಿ ಮೊದಲ ಒಗಟು ಕೇಳಿದಳು. "ಎಲ್ಲರ ಮನೆಯಲ್ಲೂ ಇದೆ, ಬಂದವರಿಗೆ ಯಾರೂ ತೋರಿಸುವುದಿಲ್ಲ. ಬಚ್ಚಿಟ್ಟಷ್ಟೂ ಬೆಳೆಯುತ್ತದೆ, ಒಬ್ಬರ ಮುಂದೆ ತೆರೆದಿಟ್ಟರೆ ಅರ್ಧವಾಗುತ್ತದೆ. ಏನದು?"

ಕುದುರೆ ವ್ಯಾಪಾರಿ ಉದ್ದಂಡಯ್ಯನ ಬೆನ್ನಿಗೆ ದೊಡ್ಡ ವಕೀಲಮನೆಯ ಶಾಲುಗಳೆಲ್ಲ ನಿಂತಿದ್ದವು. ಅವು ಪಿಸುಗುಟ್ಟಿದವು. "ಬಂಗಾರ!" ಎಂದ ಅವನು.

"ಬಚ್ಚಿಟ್ಟ ಬಂಗಾರ ಮರಿ ಹಾಕಿದ್ದನ್ನು ನಾನು ನೋಡಿಲ್ಲ" ಎಂದಳು ರಾಣಿ. ಭಟರು ಅವನನ್ನು ಎಳೆದೊಯ್ದರು.

ಸಂಗೀತದ ಮೇಷ್ಟರು ಚೆಲುವರಾಯರಿಗೂ ಅದೇ ಮನೆಯ ವಕೀಲರು. "ಪಾಪ, ಮಹಾರಾಣಿ."

"ಹೇಳಿದ ಮಾತ್ರಕ್ಕೆ ಪಾಪ ಅರ್ಧವಾಗುವುದಾದರೆ ಲೋಕದಲ್ಲಿ ಪಾಪಿಗಳೇ ಇರುತ್ತಿರಲಿಲ್ಲ." ಅವರನ್ನೂ ಎಳೆದೊಯ್ದರು.

ಮಾಚನ ಸರದಿ. ಅಂಬಕ್ಕ ಪಿಸುಗುಟ್ಟಲಿಲ್ಲ. ಮಾಚನಿಗೆ ಅವಳ ಮನೆಯ ಗೋಡೆ ನೆನಪಾಯಿತು.

"ನಾಚಿಕೆ" ಎಂದ.

ರಾಣಿ ತಲೆದೂಗಿದಳು. "ಎರಡನೆಯದು. ಒಳ್ಳೆಯ ವಕೀಲರ ಬಾಯಲ್ಲಿ ಇರುತ್ತದೆ, ಕೆಟ್ಟ ವಕೀಲರ ಬಾಯಲ್ಲಿ ಹುಡುಕಿದರೂ ಸಿಗದು. ಕೇಳಿದವರಿಗೆ ಕಹಿ, ಆದರೆ ಅದನ್ನು ಕೇಳಿದ ಮೇಲೆಯೇ ಅವರನ್ನು ನಂಬಬೇಕು."

"'ಗೊತ್ತಿಲ್ಲ' ಅನ್ನೋ ಮಾತು ತಾಯಿ. ತೀರ್ಪು ಕೊಡೋರು ನೀವು. ಗೆದ್ದೇ ಗೆಲ್ತೀವಿ ಅಂದವರು ನಿಮ್ಮ ಬಾಯನ್ನೂ ತಾವೇ ಮಾರಿದ ಹಾಗಾಯ್ತು."

ಸಭೆ ನಕ್ಕಿತು. ಶಾಲುಗಳು ನಗಲಿಲ್ಲ.

"ಕೊನೆಯದು. ಹೊಳೆಯ ಆ ದಡದಲ್ಲಿ ಹೆಂಡತಿ, ಈ ದಡದಲ್ಲಿ ತಂಗಿ. ನಡುವೆ ಅವಳನ್ನು ಬದಲಿಸಿದವರು ಯಾರು?"

ಮಾಚನಿಗೆ ಸುಳ್ಳು ಹೇಳಿಕೊಟ್ಟವರು ಎದುರಿಗೇ ಇದ್ದರು, ಬೆರಳು ತೋರಿಸಿದರೆ ಸಾಕಿತ್ತು. ಬೆರಳು ಅರ್ಧ ಎದ್ದೂ ಬಿಟ್ಟಿತು. ಅಷ್ಟರಲ್ಲಿ ದ್ಯಾವಿಯ ಮುಖ ಕಂಡಿತು.

"ನಾನು" ಎಂದ. "ಅವರು ಹೇಳಿಕೊಟ್ಟರು ನಿಜ. ಅಂದದ್ದು ನನ್ನ ಬಾಯಿ. ಅವಳನ್ನು ಒಂದು ಮಾತೂ ಕೇಳಲಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಗಂಧದಂಗಡಿಯವರೂ ಅಲ್ಲೇ ಇದ್ದರು. ಮಾಚನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

"ಮೂರೂ ಸರಿ" ಎಂದಳು ರಾಣಿ. "ನಾಚಿಕೆಯನ್ನು ಯಾರ ಮುಂದೆ ತೆರೆದಿಡಬಹುದೋ ಅವರೇ ಸರಿಯಾದ ವಕೀಲರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವರು ಮೋಸ ಮಾಡರು. ಆದರೆ ಎಂಥ ವಕೀಲರಿದ್ದರೂ ಮಾತು ಆಡಿದವನದೇ." ಮಾಚ, ದ್ಯಾವಿ, ಮಗು ಮೂವರಿಗೂ ವಾಸದ ಮುದ್ರೆ ಒತ್ತಿಸಿದಳು. ಗಂಡಹೆಂಡತಿಯನ್ನು ಅಗಲಿಸುವ ಕಾನೂನನ್ನು ಅಳಿಸಿದಳು. ಊರ ಮಗ್ಗದಮನೆಯ ಯಜಮಾನಿಕೆಯನ್ನು ಮಾಚನಿಗೆ ಕೊಟ್ಟಳು. ಎಳೆದೊಯ್ದ ಇಬ್ಬರ ಪರವಾಗಿ ಅಂಬಕ್ಕ ಆಗಲೇ ವಾದಕ್ಕೆ ನಿಂತಿದ್ದಳು. ಸಂಜೆಯೊಳಗೆ ಅವರ ತಲೆಯೂ ಉಳಿಯಿತು.

ದ್ಯಾವಿ ಮಾತ್ರ ನಗಲಿಲ್ಲ. "ರಾಣಿ ಮಾಫಿ ಮಾಡಿದ್ದು ರಾಣಿಗೆ ಹೇಳಿದ ಸುಳ್ಳನ್ನ. ಆ ತಟ್ಟೆ ತಗೊಂಡವನು ನೀನು. ಹೋಗಿ ಕೊಟ್ಟು ಬಾ."

ಮಾಚ ಹಾಡುಹಗಲಲ್ಲಿ, ಇಡೀ ಪೇಟೆ ನೋಡುತ್ತಿರಲು, ತಟ್ಟೆ ಹಿಡಿದು ಹೋದ. ಹುಡುಗನ ತಾಯಿ ಅದನ್ನು ಇಸಿದುಕೊಂಡು, "ನಮ್ಮ ಮಗನ ಮುಖ ನೋಡಿಯೂ ನಿನಗೆ ಬಾಯಿ ಬರಲಿಲ್ಲವಾ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು.

ತಿರುಗಿದರೆ ದ್ಯಾವಿ ಬೀದಿಯ ನಡುವೆ ನಿಂತಿದ್ದಳು.

"ಹಿಡ್ಕೋ ನಿನ್ನ ಮಗಳನ್ನ. ನನ್ನ ಕೈ ಸೋತಿತು" ಎಂದಳು, ಅಂಗಡಿಯವರಿಗೆಲ್ಲ ಕೇಳುವ ಹಾಗೆ.

ಅವನು ಹಿಡಿದುಕೊಂಡ. ತಲೆ ಎತ್ತಲು ಇನ್ನೂ ಆಗಲಿಲ್ಲ. ಹಾಗೇ ಅವಳ ಪಕ್ಕದಲ್ಲಿ ನಡೆದ.