ಬಾತಿನ ಹೊಸ ಈಜು

ವಯಸ್ಸಾದ ಸಾಕುಬಾತೊಂದು ನೀರುಕಾಗೆಯ ಬಳಿ ಚಿಟ್ಟೆ ಈಜು ಕಲಿಯತೊಡಗಿತು. ತಲೆ ತಗ್ಗಿಸಿ, ಎರಡೂ ರೆಕ್ಕೆಗಳನ್ನು ಒಟ್ಟಿಗೆ ಬಡಿದು ಮುನ್ನುಗ್ಗಬೇಕು. ತಿಂಗಳುಗಟ್ಟಲೆ ಅದು ನೀರು ಕುಡಿದು ಕೆಮ್ಮಿತು.

"ಕಾಲಿದ್ದರೆ ಸಾಲದೇನೇ ಅಕ್ಕಾ? ಈ ವಯಸ್ಸಿನಲ್ಲಿ ಇದೇನು ಹುಚ್ಚು?" ಎಂದಿತು ತಂಗಿ ಬಾತು.

"ಕಾಲು ಸೋಲುವ ದಿನವೂ ಬರುತ್ತದೆ. ನೀನೂ ಕಲಿ."

"ಬಂದಾಗ ಕಲಿತರಾಯಿತು."

ಆ ಮಳೆಗಾಲ ಕೆರೆ ಕೋಡಿ ಬಿತ್ತು. ಸೆಳವು ಎರಡನ್ನೂ ಎಳೆದೊಯ್ಯುವಾಗ ಕಾಲುಗಳು ಕೆಲಸಕ್ಕೆ ಬರಲಿಲ್ಲ. ಅಕ್ಕ ಹೇಗೋ ರೆಕ್ಕೆ ಬಡಿದು ದಡ ಹತ್ತಿತು.

"ಅಕ್ಕಾ, ನನಗೂ ಹೇಳಿಕೊಡೇ!" ತಂಗಿ ಚೀರಿತು.

"ತಲೆ ತಗ್ಗಿಸು! ಎರಡೂ ರೆಕ್ಕೆ ಒಟ್ಟಿಗೆ ಬಡಿ!"

ತಂಗಿ ಹೇಳಿದಂತೆಯೇ ತಲೆ ತಗ್ಗಿಸಿತು. ಆ ತಲೆ ಮತ್ತೆ ಮೇಲೇಳಲಿಲ್ಲ. ಅಕ್ಕ ಮಾತ್ರ ದಡದಲ್ಲಿ ನಿಂತು, ಬಹಳ ಹೊತ್ತು, ಬರಿಯ ನೀರಿಗೆ ಹೇಳಿಕೊಡುತ್ತಲೇ ಇತ್ತು.