ಹಗೇವಿನ ಬಾಯಲ್ಲಿ ಕೂತವಳು

“ಗುರುಗಳೇ, ನೆಲದಾಳಕ್ಕೆ ಇಳಿಸಿ ಬಾಯಿ ಮುಚ್ಚಿದ್ದಕ್ಕೂ ಕಾವಲು ಬೇಕೇ?”

ಕೇಳಿದವನು ಚನ್ನವೀರ, ಕಲ್ಲುಬಂಡೆಗಳ ಶಾಸ್ತ್ರ ಓದಿದ ಶಿಷ್ಯ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರವೊಂದರಲ್ಲಿ ಅವನಿಗೆ ಕೆಲಸ. ಅಲ್ಲಿ ಚಿಮಣಿಯಿಂದ ಹೊರಡುವ ಇಂಗಾಲದ ಡೈಆಕ್ಸೈಡನ್ನು ಆಕಾಶಕ್ಕೆ ಬಿಡದೆ ಹಿಡಿಯುತ್ತಿದ್ದರು. ಸ್ವಲ್ಪವನ್ನು ಸೋಡಾ ತಯಾರಿಸುವವರು ಒಯ್ಯುತ್ತಿದ್ದರು. ಉಳಿದದ್ದನ್ನು ಕೊಳವೆಬಾವಿಯ ಮೂಲಕ ಬಂಡೆಗಳ ಕೆಳಗೆ ತುಂಬುತ್ತಿದ್ದರು. ಮೊದಲ ಬಾವಿ ತುಂಬಿ, ಬಾಯಿ ಮುಚ್ಚಿಯಾಗಿತ್ತು. ಇನ್ನು ಅದನ್ನು ನೋಡಿಕೊಳ್ಳುವವರು ಬೇಡ ಎಂಬ ಕಾಗದಕ್ಕೆ ಚನ್ನವೀರ ಸಹಿ ಹಾಕಬೇಕಿತ್ತು. ಕಾಗದ ಅವನ ಚೀಲದಲ್ಲೇ ಇತ್ತು.

ಗುರುಗಳು ಸಂಸಾರ ಮಾಡಿ, ತಡವಾಗಿ ಮಠಕ್ಕೆ ಬಂದವರು. “ಹೊಗೆ ಹಿಡಿಯುವುದು ಒಳ್ಳೆಯ ಕೆಲಸವೇ. ಅಂತೂ ಇಷ್ಟು ದಿನಕ್ಕೆ ಯಾರಿಗೋ ಬುದ್ಧಿ ಬಂತು,” ಎಂದು ನಕ್ಕರು. “ಸಹಿ ಆಮೇಲೆ ಹಾಕುವೆಯಂತೆ. ಮೊದಲು ಇದನ್ನು ಕೇಳು.”

ಒಬ್ಬ ರೈತನಿದ್ದ. ಅವನ ಮನೆಯ ಮುಂದೆ ಒಂದು ಹಗೇವು ಇತ್ತು. ನಿಮ್ಮ ಕಾಲದವರು ಹಗೇವು ನೋಡಿಲ್ಲ. ಎರಡಾಳುದ್ದದ ಗುಂಡಿ ಅದು. ಸುಗ್ಗಿ ಮುಗಿದ ಮೇಲೆ ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಕತ್ತಲಲ್ಲಿ ಕಾಳೂ ಉಸಿರಾಡುತ್ತದೆ. ಬಿಟ್ಟ ಉಸಿರು ಅಲ್ಲೇ ತಂಗುತ್ತದೆ. ನಿನ್ನ ಕೊಳವೆಯಲ್ಲಿ ಇಳಿಯುವುದೂ ಅದೇ ಗಾಳಿ. ಆದ್ದರಿಂದ ಹಗೇವು ತೆರೆದವರು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿತೋ, ಅಂದು ಯಾರೂ ಇಳಿಯುವಂತಿಲ್ಲ. ಆರದಿದ್ದರೆ ಒಬ್ಬರು ಇಳಿಯಬೇಕು, ಇನ್ನೊಬ್ಬರು ಬಾಯಲ್ಲಿ ಹಗ್ಗ ಹಿಡಿದು ಕೂರಬೇಕು. ಇಳಿದವರು ಮೇಲೆ ಬರುವ ತನಕ ಕೂತವರು ಏಳುವಂತಿಲ್ಲ.

ರೈತ ಇಳಿಯುತ್ತಿದ್ದ, ಹೆಂಡತಿ ಕೂರುತ್ತಿದ್ದಳು. ಒಳಗಿನಿಂದ ಅವನು ಆಗಾಗ ಕೂಗುತ್ತಿದ್ದ: “ಮ್ಯಾಲ ಅದೀಯೇನ?”

“ಇಲ್ಲೇ ಅದೀನ್ರೀ. ನೀವು ತುಂಬ್ರಿ.”

ಮೂವತ್ತು ವರ್ಷ ಹೀಗೇ ನಡೆಯಿತು. ಎಂಥ ದಿನಗಳು ಅವು! ಹಗೇವು ತೆರೆದ ದಿನ ಓಣಿಯ ತುಂಬ ಹಳೇ ಜೋಳದ ವಾಸನೆ. ಬುಟ್ಟಿ ಹಿಡಿದು ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಅಂದು ಅವಳು ಬಡಿದ ರೊಟ್ಟಿಯ ರುಚಿ ಮತ್ತೆ ನಾಲಿಗೆಗೆ ಸಿಗಲಿಲ್ಲ.

ಕಾಲ ಬದಲಾಯಿತು. ಜೋಳ ಚೀಲದಲ್ಲಿ ಗೋದಾಮಿಗೆ ಹೋಗತೊಡಗಿತು. ರೈತ ಹಗೇವು ಬರಿದುಮಾಡಿದ. ತಳದಲ್ಲಿದ್ದ ಹೊಟ್ಟು, ಮುಗ್ಗಿದ ಕಾಳು ಅಲ್ಲೇ ಬಿಟ್ಟು ಬಾಯಿ ಮುಚ್ಚಿದ. ಅವನ ಮಟ್ಟಿಗೆ ಕೆಲಸ ಮುಗಿಯಿತು. ಹೆಂಡತಿ ಮಾತ್ರ ದಿನಾ ಮಧ್ಯಾಹ್ನ ಆ ಕಲ್ಲಿನ ಮೇಲೆಯೇ ಕೂತು ಅಲಸಂದೆ ಸುಲಿಯುತ್ತಿದ್ದಳು. ಓಣಿಗೆ ಹೊಸಬರು ಯಾರೇ ಬರಲಿ, ಕರೆದು ಹಗೇವಿನ ಬಾಯಿ ತೋರಿಸುತ್ತಿದ್ದಳು.

“ಖಾಲಿ ಹಗೇವಿಗೆ ಎಂಥಾ ಕಾವಲ?” ಎಂದು ರೈತ ಗೇಲಿ ಮಾಡುತ್ತಿದ್ದ.

“ಕಾಳಿಲ್ಲಂದ್ರ ಏನಾತು? ಗಾಳಿ ಐತಲ್ರೀ,” ಅನ್ನುತ್ತಿದ್ದಳು.

ಒಂದು ಮಾಗಿಯಲ್ಲಿ ಅವಳು ತೀರಿಕೊಂಡಳು. ಕಲ್ಲಿನ ಮೇಲೆ ಮಣ್ಣು ಕೂತಿತು, ಹುಲ್ಲು ಬೆಳೆಯಿತು. ನಾಲ್ಕು ವರ್ಷದ ನಂತರ ಒಬ್ಬ ವ್ಯಾಪಾರಿ ಆ ಮನೆಯ ಮುಂಭಾಗವನ್ನು ಬಾಡಿಗೆಗೆ ಹಿಡಿದ. ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋದವನಲ್ಲ. ಅಂಗಳ ಹಸನು ಮಾಡುವಾಗ ಕಲ್ಲು ಕಂಡಿತು. ಶೇಂಗಾ ಬೀಜ ಇಡಲು ತಂಪಾದ ಜಾಗ ಸಿಕ್ಕಿತೆಂದು ಹಿಗ್ಗಿದ. ರೈತ ಹೊಲಕ್ಕೆ ಹೋಗಿದ್ದ. ವ್ಯಾಪಾರಿ ಕಲ್ಲು ಸರಿಸಿದ, ಏಣಿ ಇಟ್ಟ, ಇಳಿದ. ದೀಪದ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಮೇಲೆ ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಚನ್ನವೀರ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. “ತಪ್ಪು ವ್ಯಾಪಾರಿಯದೇ ಅಲ್ಲವೇ ಗುರುಗಳೇ? ಒಂದು ಮಾತು ಕೇಳದೆ ಇಳಿದನಲ್ಲ.”

“ಯಾರನ್ನು ಕೇಳಬೇಕಿತ್ತು, ಚನ್ನವೀರ? ಅವಳು ಹೋದ ಮೇಲೆ ಆ ಕಲ್ಲಿನ ಮೇಲೆ ನಾನು ಒಂದು ದಿನವೂ ಕೂರಲಿಲ್ಲ.”