ತಿಪ್ಪವ್ವನ ತಂಗಿಗೆ ಜೋಡಿ ಹೆಸರು

ಕಣ್ಣು ಮುಚ್ಕೋ ಮಗಾ, ಕಿವಿ ಮಾತ್ರ ತೆಗೆದಿಟ್ಕೋ. ನಡುನಡುವೆ ಹೂಂ ಅಂತಿರು, ಇಲ್ದಿದ್ರೆ ನಾನೇ ನಿದ್ದೆ ಮಾಡಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಅಂದ್ರೆ ಹೊಳೆಗಳಿಗೆ ಸೇತುವೆ ಅಂದ್ರೇನು ಅಂತ ಇನ್ನೂ ಗೊತ್ತಿಲ್ಲದ ಕಾಲದಲ್ಲಿ, ಒಂದು ದೊಡ್ಡ ಹೊಳೆ ದಂಡೇಲಿ ಮೈಲಾರಿ ಅಂತ ಒಬ್ಬ ಅಂಬಿಗ ಇದ್ದನಂತೆ. ಅವನಿಗೊಬ್ಬಳು ಹೆಂಡತಿ ಹೊನ್ನವ್ವ, ಒಂದು ಹರಗೋಲು, ಒಂದು ಹುಟ್ಟು. ಹರಗೋಲು ಎಷ್ಟು ದೊಡ್ಡದು ಅಂದ್ರೆ ಅದರಲ್ಲಿ ಒಂದು ಆನೆ ಕೂರಬಹುದಿತ್ತಂತೆ. ಆನೆ ಕೂತಿರಲಿಲ್ಲ, ಅದು ಬೇರೆ ಮಾತು.

ಆ ಊರಲ್ಲಿ ಒಂದು ಪದ್ಧತಿ. ಮಕ್ಕಳೆಲ್ಲ ಹೊಳೆಯಾಚೆ ದನ ಮೇಯಿಸ್ತಿದ್ರು, ಹೊತ್ತು ಇಳಿದ್ಮೇಲೆ ತಾಯಂದಿರು ಈ ದಡದಲ್ಲಿ ನಿಂತು ಕೂಗಬೇಕಿತ್ತು. ಹೊಳೆ ಮೇಲೆ ಬೀಸೋ ಗಾಳಿ ಒಂಟಿ ಹೆಸರನ್ನ ನುಂಗಿಬಿಡ್ತಿತ್ತಂತೆ. ಅದಕ್ಕೇ ಒಂದು ಮನೆ ಅಕ್ಕತಂಗೀರ ಹೆಸರನ್ನ ಒಂದೇ ಉಸಿರಲ್ಲಿ ಸೇರಿಸಿ ಕೂಗೋರು. ನೊಗಕ್ಕೆ ಕಟ್ಟಿದ ಎರಡು ಎತ್ತಿನ ಹಾಗೆ ಆ ಎರಡು ಹೆಸರು ಹೊಂದಬೇಕು, ಒಂದು ಎಳೆದ್ರೆ ಇನ್ನೊಂದು ಬರಬೇಕು. ದಡದಲ್ಲಿ ಯಾವಳಾದ್ರೂ ಒಂದೇ ಹೆಸರು ಕೂಗ್ತಿದ್ದಾಳೆ ಅಂದ್ರೆ ಉಳಿದೋರು ತಲೆ ತಗ್ಗಿಸಿಕೊಂಡು ಆಚೆ ಸರೀತಿದ್ರಂತೆ, ಪಾಪ, ಇವಳ ಇನ್ನೊಂದು ಮಗು ಹೋಗಿದೆ ಅಂತ.

ಹೊನ್ನವ್ವನಿಗೆ ಒಂದಲ್ಲ, ಮೂರು ಹೋಗಿದ್ವು. ಮುತ್ತವ್ವ, ಹವಳವ್ವ, ಬಂಗಾರವ್ವ. ಒಂದು ಜ್ವರ ಬಂದು, ಒಂದು ಅಮ್ಮ ಆಗಿ, ಒಂದು ಏನೂ ಆಗದೇನೇ. ಮೂರನೇದೂ ಹೋದ್ಮೇಲೆ ಮೈಲಾರಿಯ ಅಕ್ಕ ಕಲ್ಲವ್ವ ಹೊಳೆ ಕೆಳಗಿನ ಊರಿಂದ ನಡ್ಕೊಂಡು ಬಂದು ಬಾಗಿಲಲ್ಲೇ ನಿಂತು ಬೈದಳಂತೆ. ಅಲ್ಲ ಕಣ್ರೋ, ಇಷ್ಟು ಚಂದದ ಹೆಸರಿಟ್ಟು ಕರೆದ್ರೆ ಜವರಾಯನ ಆಳಿಗೆ ಬಾಯಲ್ಲಿ ನೀರೂರದೇ ಇರುತ್ತಾ? ನನ್ನ ನೋಡಿ, ಕಲ್ಲವ್ವ! ಅರವತ್ತು ವರ್ಷ ಆಯ್ತು, ಇನ್ನೂ ರಾಗಿ ಬೀಸ್ತೀನಿ.

ನಾಲ್ಕನೇದು ಹೆಣ್ಣು ಹುಟ್ತು. ಕಲ್ಲವ್ವ ಬಂದವಳೇ ಮಗೂನ ಹರಕು ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲೆ ಇಟ್ಟಳು. ನೆರೆಮನೆಯೋಳು ಬಂದು, ಅಯ್ಯೋ ಇದ್ಯಾರೋ ಬಿಸಾಕಿದ ಕೂಸು ಅಂತ ಎತ್ತಿಕೊಂಡಳು. ಆಮೇಲೆ ಕಲ್ಲವ್ವ ಮೂರು ಹಿಡಿ ತೌಡು ಕೊಟ್ಟು ಅದನ್ನ ವಾಪಸ್ ತಗೊಂಡು, ತೊಟ್ಟಿಲಿಗೆ ಹಾಕಿ, ಸೋದರತ್ತೆ ಅಲ್ವಾ, ಕಿವೀಲಿ ಮೂರು ಸಲ ತಿಪ್ಪವ್ವ ಅಂದಳಂತೆ. ಮಗು ಬದುಕ್ತು.

ಬದುಕ್ತು ಸರಿ. ಆದ್ರೆ ಆ ಹೆಸರು ಹೊತ್ತವಳಿಗೆ ಗೊತ್ತು ಅದರ ಭಾರ. ನೀರಿಗೆ ಹೋದ್ರೆ ಹುಡುಗೀರು ಮೂಗು ಮುಚ್ಚಿಕೊಳ್ಳೋರು. ಏ ತಿಪ್ಪೀ, ಆಚೆ ನಿಲ್ಲೇ, ಕೊಡ ಮೈಲಿಗೆ ಆಗುತ್ತೆ ಅನ್ನೋರು. ತಿಪ್ಪವ್ವ ತನ್ನ ಕೊಡ ತುಂಬಿಕೊಂಡು ಆಚೆ ಸರಿಯೋಳು. ಅವ್ವ ದಡದಲ್ಲಿ ನಿಂತು ಒಂದೇ ಹೆಸರು ಕೂಗ್ತಾಳಲ್ಲ, ಅದು ಗಾಳೀಲಿ ಹರಿದು ಅರ್ಧ ಮಾತ್ರ ಬರುತ್ತಲ್ಲ, ಅದಕ್ಕೆ ಕಿವಿಗೊಟ್ಟು ಮನೆಗೆ ಬರೋಳಂತೆ.

ಅವಳಿಗೆ ಒಂಬತ್ತೋ ಹತ್ತೋ ಆದಾಗ ಹೊನ್ನವ್ವ ಇನ್ನೊಂದು ಹೆತ್ತಳು. ಅದೂ ಹೆಣ್ಣು. ಕೆಂಪಗೆ, ಅಂಗೈಯಷ್ಟು, ಬೆಕ್ಕಿನ ಮರಿ ತರ ಅಳೋದು. ತಿಪ್ಪವ್ವ ಮೊದಲನೇ ದಿನವೇ ಅದರ ಕಾಲು ಮುಟ್ಟಿ ನೋಡಿದಳು, ಅದು ಇವಳ ಬೆರಳು ಹಿಡಕೊಂಡು ಬಿಡಲೇ ಇಲ್ಲ. ಅಲ್ಲಿಗೆ ಇವಳ ಕತೆ ಮುಗೀತು ಅಂದ್ಕೋ. ಛೇ, ಈ ಕತೆ ಅಲ್ಲ, ಅವಳ ಕತೆ.

ಸುದ್ದಿ ಕೇಳಿ ಕಲ್ಲವ್ವ ಬಂದಳು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕೋಣ, ಹೆಸರು ಕಸವ್ವ ಅಂದಳು. ತಿಪ್ಪವ್ವ, ಕಸವ್ವ. ನೋಡು, ಎಷ್ಟು ಚೆನ್ನಾಗಿ ಹೊಂದುತ್ತೆ!

ಹೊನ್ನವ್ವ ಗೋಡೆ ಕಡೆ ತಿರುಗಿ ಮಲಗಿದ್ದಳು. ಒಂದಾದ್ರೂ ಮಗೂನ ಬಾಯ್ತುಂಬ ಕರೀಬೇಡ್ವಾ ಅತ್ತಿಗೆವ್ವಾ ಅಂದಳಂತೆ.

ಬಾಯ್ತುಂಬ ಕರೆದು ಮಡಿಲು ಬರಿದು ಮಾಡ್ಕೋತೀಯ? ಹಾಳು ಹೆಸರಿಟ್ಟು ಮಡಿಲು ತುಂಬ್ಕೋ ಅಂದಳು ಕಲ್ಲವ್ವ, ಅಂದವಳು ತಾನೇ ಸೆರಗಲ್ಲಿ ಮೂಗು ಒರೆಸಿಕೊಂಡಳು. ಕೂಸಿಗೊಂದು ಕೌದಿ ಹೊಲೀತೀನಿ ಅಂತ ಹರಕು ಸೀರೆಗಳನ್ನ ಕಟ್ಟಿಕೊಂಡು ಊರಿಗೆ ಹೋದಳು.

ತಿಪ್ಪವ್ವ ಅತ್ತೆ ಹಿಂದೆ ದಡದವರೆಗೂ ಹೋಗಿ, ಅತ್ತೇ, ಬೇರೆ ಹೆಸರಿಲ್ವಾ ಅಂದಳಂತೆ. ಕಲ್ಲವ್ವ ಅವಳ ಗದ್ದ ಹಿಡಿದು, ನಿನಗೆ ಬೇಜಾರಾ ಮಗಳೇ, ಬೇಜಾರಾದ್ರೂ ಇದ್ದೀಯಲ್ಲ ಅಂದಳಂತೆ. ವಾಪಸ್ ಬರ್ತಾ ತಿಪ್ಪವ್ವನಿಗೆ ಇದೇ ಲೆಕ್ಕ. ತಂಗಿಗೆ ಹಾಳು ಹೆಸರಿಟ್ರೆ ಊರೆಲ್ಲ ಮೂಗು ಮುಚ್ಚುತ್ತೆ, ಚಂದದ ಹೆಸರಿಟ್ರೆ ತಂಗೀನೇ ಇರಲ್ಲ.

ಆಮೇಲೆ ಮೈಲಾರಿ ತೊಟ್ಟಿಲಿಗೆ ಬಿದಿರು ತರೋಕೆ ಕಾಡಿಗೆ ಹೋದ. ಹರಗೋಲು ತಿಪ್ಪವ್ವನ ಪಾಲಿಗೆ ಬಂತು. ಒಂದು ದಿನ ಮಟಮಟ ಮಧ್ಯಾಹ್ನ, ಆಚೆ ದಡದಲ್ಲಿ ಒಬ್ಬ ನಿಂತಿದ್ದ. ಅವನಿಗೆ ಕೋರೆಹಲ್ಲು ಇತ್ತು ಅಂತ ಕೆಲವರು ಹೇಳ್ತಾರೆ, ನಂಬಬೇಡ. ಸಾಮಾನ್ಯ ಮುದುಕ, ಹೆಗಲ ಮೇಲೊಂದು ಕಂಬಳಿ, ಧೂಳು ಮೆತ್ತಿದ ಕಾಲು. ಆದ್ರೆ ಅವನು ಕಾಲಿಟ್ರೆ ಹರಗೋಲು ಒಂದು ಎಳ್ಳಿನಷ್ಟೂ ಕುಗ್ಗಲಿಲ್ಲವಂತೆ. ಅಂಬಿಗರ ಮಗಳಿಗೆ ಅಷ್ಟು ಸಾಕು, ಇವನು ಯಾರು ಅಂತ ಗೊತ್ತಾಯ್ತು. ಜವರಾಯನ ಆಳು.

ತಿಪ್ಪವ್ವ ಹುಟ್ಟು ಹಾಕ್ತಾನೇ ಹೇಳಿದಳು, ಅಜ್ಜಾ, ನಮ್ಮನೇಲಿ ಒಂದು ಕೂಸಿದೆ, ಕಸವ್ವ ಅಂತ, ಕಸಕ್ಕಿಂತ ಕಡೆ, ಮೈಯೆಲ್ಲ ಗಾಯ, ಒಂದು ಕಣ್ಣಿಲ್ಲ, ಯಾರಿಗೂ ಬೇಡ ಅಂತ. ಎಲ್ಲ ಸುಳ್ಳು. ಅವನು ತಲೆ ಆಡಿಸಿ, ಈ ವರ್ಷ ನೀರು ಕಮ್ಮಿ ಅಂದನಂತೆ. ಊರೊಳಗೆ ಹೋಗಿ, ಗಾಣದ ಮನೆಯ ಮುದುಕನ್ನ ಹಿಂದೆ ಹಾಕ್ಕೊಂಡು ಬಂದ. ಇಬ್ಬರು ಕೂತ್ರೂ ಹರಗೋಲು ಕುಗ್ಗಲಿಲ್ಲ.

ಎರಡನೇ ಸಲ ಬಂದಾಗ ಊರ ಅಗಸೆ ಬಾಗಿಲ ಹತ್ರ ಚಿನ್ನಾದೇವಮ್ಮ ಕೂತಿದ್ದಳು. ತೊಂಬತ್ತು ದಾಟಿದ ಮುದುಕಿ, ಹತ್ತು ವರ್ಷದಿಂದ ದಿನಾ, ನನ್ನ ಕರ್ಕೊಂಡ್ಹೋಗಪ್ಪಾ ಅಂತ ಕೂಗ್ತಾ ಕೂತಿರೋಳು. ಹೆಸರೋ, ಅರಮನೆ ಹೆಸರು. ಅವನು ಅವಳ ಕಾಲು ದಾಟಿಕೊಂಡು ಹೋದನಂತೆ, ತಿರುಗಿ ಸಹ ನೋಡದೆ. ಬರುವಾಗ ಅವನ ಸೊಂಟದ ಮೇಲೆ ಕುಂಬಾರರ ಮಗು ಇತ್ತು. ಮೂರು ವರ್ಷದ್ದು. ಅವನ ಗಡ್ಡ ಹಿಡಿದು ಆಟ ಆಡ್ತಿತ್ತು. ಅದರ ಹೆಸರು ಬೂದೆವ್ವ, ಮಗಾ. ಬೂದಿ! ಬೂದಿ ಅಂತ ಹೆಸರಿಟ್ಟಿದ್ರು, ಆದ್ರೂ ಬಿಡಲಿಲ್ಲ.

ಹೂಂ ಅನ್ನು. ಅಂತಿದೀಯಾ? ಸರಿ.

ಮೂರನೇ ಸಲ ಬಂದಾಗ, ತೊಟ್ಟಿಲಿಗೆ ಇನ್ನು ಎರಡೇ ದಿನ. ತಿಪ್ಪವ್ವ ಅವನನ್ನ ಹತ್ತಿಸಿಕೊಂಡು ನಡುಹೊಳೆವರೆಗೂ ಹೋದಳು, ಹೋಗಿ ಹುಟ್ಟನ್ನ ಎತ್ತಿ ನೀರಿಗೆ ಎಸೆದುಬಿಟ್ಟಳಂತೆ. ಹರಗೋಲು ಗಿರಗಿರ ಸುತ್ತಿ ಹೊಳೆ ಜೊತೆ ಕೆಳಗಡೆ ಹೊರಟಿತು. ಈಗ ಹೇಗೆ ನಮ್ಮೂರಿಗೆ ಹೋಗ್ತೀಯೋ ನೋಡ್ತೀನಿ ಅಂತ ಅಂದಳು. ಆಮೇಲೆ ಗಂಟಲು ಹರಿಯೋ ಹಾಗೆ ಕೂಗಿದಳು, ನನ್ನ ತಂಗಿಗೆ ಏನು ಹೆಸರಿಟ್ರೆ ಬಿಡ್ತೀಯ, ನೀನೇ ಹೇಳು, ಎಷ್ಟು ಹೊಲಸಿರಬೇಕು ಹೇಳು!

ಅವನು ಅವಳ ಮುಖ ನೋಡಿದ. ನಿನ್ನ ತುಟಿ ಅಲ್ಲಾಡ್ತಾ ಇದೆ ಮಗಳೇ, ಏನೋ ಹೇಳ್ತಿದೀಯ ಅನ್ಸುತ್ತೆ. ನನಗೆ ಕಿವಿ ಕೇಳಲ್ಲ. ಮೊದಮೊದಲು ಕೇಳ್ತಿತ್ತು. ಹೋದ ಮನೆಯಲ್ಲೆಲ್ಲ ಎಷ್ಟು ಅಳ್ತಾರೆ ಅಂದ್ರೆ, ಎಷ್ಟೋ ಸಾವಿರ ವರ್ಷದ ಹಿಂದೇನೇ ಹೊರಟುಹೋಯ್ತು ಅಂದನಂತೆ.

ಕೇಳಿದ್ಯಾ ಮಗಾ? ಕೆಪ್ಪ! ಬರೀ ಕೆಪ್ಪ! ಮುತ್ತವ್ವ ಅಂದಿದ್ದೂ ಅವನಿಗೆ ಕೇಳಿಲ್ಲ, ತಿಪ್ಪವ್ವ ಅಂದಿದ್ದೂ ಕೇಳಿಲ್ಲ. ಕಾಲು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗೋನು, ಅಷ್ಟೆ. ತಿಪ್ಪವ್ವ ಹರಗೋಲಿನ ತಳದಲ್ಲಿ ಕುಕ್ಕರುಬಡಿದಳು. ಹತ್ತು ವರ್ಷ ಹುಡುಗೀರು ಮುಚ್ಚಿಕೊಂಡ ಮೂಗುಗಳೆಲ್ಲ ಕಣ್ಣೆದುರಿಗೆ ಬಂದ್ವಂತೆ. ಅಳಬೇಕೋ ನಗಬೇಕೋ ಗೊತ್ತಾಗದೆ ಎರಡನ್ನೂ ಮಾಡಿದಳು.

ಹರಗೋಲು ತಾನಾಗೇ ದಡಕ್ಕೆ ತಗುಲಿತು. ಅವನು ಕಂಬಳಿ ಸರಿಮಾಡಿಕೊಂಡು ಇಳಿದ. ಒಳ್ಳೇದಾಯ್ತು ಮಗಳೇ, ಇವತ್ತು ನಾನು ಬರಬೇಕಾಗಿದ್ದೇ ಇಲ್ಲಿಗೆ ಅಂದ.

ತಿಪ್ಪವ್ವ ತಲೆ ಎತ್ತಿ ನೋಡ್ತಾಳೆ, ಅದು ಹೊಳೆ ಕೆಳಗಿನ ಊರು. ಅತ್ತೆಯ ಊರು.

ಓಡಿದಳು. ಅವನು ನಿಧಾನಕ್ಕೆ ನಡೀತಿದ್ದ, ಆದ್ರೂ ಅವಳಿಗಿಂತ ಮುಂದೆ ಇದ್ದನಂತೆ. ಕಲ್ಲವ್ವ ಜಗಲಿ ಮೇಲೆ ಗೋಡೆಗೊರಗಿ ಕೂತಿದ್ದಳು, ಮಡಿಲಲ್ಲಿ ಕೌದಿ, ಕೈಯಲ್ಲಿ ಸೂಜಿ, ಸೂಜೀಲಿ ದಾರ. ಅತ್ತೇ ಅಂತ ಅಲ್ಲಾಡಿಸಿದ್ರೆ ಒಂದು ಕಡೆ ವಾಲಿದಳು. ಆಮೇಲೆ ನೋಡಿದ್ರೆ ಇನ್ನೊಬ್ಬ ಕಲ್ಲವ್ವ, ಅದೇ ಸೀರೆ, ಅದೇ ಬೊಟ್ಟು, ಆ ಮುದುಕನ ಹಿಂದೆ ಹೊಳೆ ಕಡೆ ಹೊರಟಿದ್ದಾಳೆ. ಹೋಗ್ತಾ ಹೋಗ್ತಾನೂ ತಿರುಗಿ ಬೆರಳು ಆಡಿಸಿದಳಂತೆ, ಏಯ್, ನಾನಿಲ್ಲ ಅಂತ ಹೆಸರು ಬದಲಾಯಿಸೀಯೆ, ಕಸವ್ವ ಅಂತಾನೇ ಇಡಬೇಕು!

ಅತ್ತೇ, ಅವನು ಕೆಪ್ಪ ಅಂದಳು ತಿಪ್ಪವ್ವ. ಅಳ್ತಾ ಅಂದಳು.

ಕಲ್ಲವ್ವ ನಿಂತಳು. ಆ ಮುದುಕನ ಬೆನ್ನ ಹಿಂದೆ ಹೋಗಿ ಅವನ ಕಿವಿ ಪಕ್ಕ ಫಟ್ ಅಂತ ಚಪ್ಪಾಳೆ ತಟ್ಟಿದಳು. ಅವನು ನಡೀತಾನೇ ಇದ್ದ. ಇನ್ನೊಂದು ತಟ್ಟಿದಳು. ಉಹೂಂ. ಆಗ ಅವಳ ಮುಖ ಬಾಡಿಹೋಯ್ತಂತೆ. ಹಿಂದಕ್ಕೆ ಬಂದು ತಿಪ್ಪವ್ವನ ಗದ್ದ ಹಿಡಿದಳು, ಹಿಡಿತ ಮಾತ್ರ ತಾಗಲಿಲ್ಲ. ಅಯ್ಯೋ ನನ್ನ ಮಗಳೇ, ಹಂಗಾದ್ರೆ ನಿನ್ನನ್ನ ಸುಮ್ಮಸುಮ್ಮನೆ ತಿಪ್ಪೆ ಮೇಲೆ ಮಲಗಿಸಿದೆನಲ್ಲೇ. ತಪ್ಪಾಯ್ತು ಕಣೇ. ಕೂಸಿಗೆ ನೀನೇ ಹೆಸರಿಡು, ನಿನ್ನ ಮನಸ್ಸಿಗೆ ಬಂದಿದ್ದು. ನಿನ್ನ ಹೆಸರಿಗೆ ಹೊಂದೋ ಹಂಗಿರಲಿ, ಇಲ್ದಿದ್ರೆ ಗಾಳಿ ನುಂಗುತ್ತೆ ಅಂದು ಹರಗೋಲು ಹತ್ತಿದಳಂತೆ. ಹುಟ್ಟಿಲ್ಲದ ಹರಗೋಲು ಸುತ್ತುತ್ತಾ ಸುತ್ತುತ್ತಾ ಆಚೆಗೆ ಹೋಯ್ತು. ತಿಪ್ಪವ್ವ ಅರ್ಧ ಹೊಲಿದ ಕೌದಿ ಹೊತ್ತುಕೊಂಡು ದಡ ಹಿಡಿದು ನಡ್ಕೊಂಡು ಮನೆಗೆ ಬಂದಳು.

ಹನ್ನೆರಡನೇ ದಿನ ತಪ್ಪಿತು, ಮೂರು ದಿನ ಸೂತಕ ಕಳೀತು. ಮೈಲಾರಿ ಬಿದಿರಿನ ತೊಟ್ಟಿಲು ಕಟ್ಟಿದ, ಕಟ್ತಾ ಅತ್ತ. ಸೋದರತ್ತೆ ಇಲ್ಲ, ಕಿವೀಲಿ ಹೆಸರು ಹೇಳೋರು ಯಾರು? ನಾನು ಅಂದಳು ತಿಪ್ಪವ್ವ. ಅತ್ತೆ ಹೇಳಿಹೋಗಿದ್ದಾಳೆ ಅಂದಳು. ಎಲ್ಲರೂ ಕಸವ್ವ ಅಂತ ಹೇಳಿಹೋಗಿದ್ದಾಳೆ ಅಂದುಕೊಂಡ್ರು. ಇವಳು ಬಿಡಿಸಿ ಹೇಳಲಿಲ್ಲ.

ಹೆಸರು ಹೇಳೋಳ ಬೆನ್ನಿಗೆ ಹೆಂಗಸರೆಲ್ಲ ಗುದ್ದಿ ನಗಬೇಕು, ಪದ್ಧತಿ. ಅವತ್ತು ಯಾರಿಗೂ ಕೈ ಏಳಲಿಲ್ಲ. ತಿಪ್ಪವ್ವ ಬಗ್ಗಿ ಕೂಸಿನ ಕಿವೀಲಿ ಮೂರು ಸಲ ಪಿಸುಗುಟ್ಟಿದಳು. ಎದ್ದುನಿಂತು ಗಟ್ಟಿಯಾಗಿ ಹೇಳಿದಳು. ತುಂಬೆವ್ವ.

ತುಂಬೆ! ಬಿಳೀ ತುಂಬೆ ಹೂವಾ? ಶಿವನ ತಲೆ ಮೇಲೆ ಏರೋ ಹೂವಾ? ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡ್ರು. ಹೊನ್ನವ್ವ ಓಡಿಬಂದು ಕೂಸನ್ನ ಎದೆಗೆ ಒತ್ತಿಕೊಂಡಳು. ಏನು ಮಾಡಿದ್ಯೇ ಪಾಪಿ, ಅಷ್ಟು ಚಂದದ ಹೆಸರಿಟ್ಟೆಯಲ್ಲೇ, ಇದೂ ಹೋದ್ರೆ ನಾನೇನು ಮಾಡಲೇ?

ತಿಪ್ಪವ್ವ ಹೊಳೇಲಿ ಕಂಡಿದ್ದನ್ನೆಲ್ಲ ಹೇಳಿದಳಂತೆ, ಒಂದೂ ಬಿಡದೆ. ಅವನಿಗೆ ಯಾವ ಹೆಸರೂ ಕೇಳಲ್ಲವ್ವಾ. ಬರೋದಾದ್ರೆ ಬರ್ತಾನೆ, ನಾನು ಹುಟ್ಟು ಎಸೆದು ನೋಡಿದೆ, ತಡೆಯೋಕಾಗಲ್ಲ. ಹೆಸರು ಕೇಳೋದು ನಮಗೆ, ಇವಳಿಗೆ. ಇರೋಷ್ಟು ದಿನ ಒಳ್ಳೇದು ಕೇಳಲಿ. ತಿಪ್ಪೆ ಅಂಚಲ್ಲಿ ಯಾರೂ ನೀರು ಹಾಕದೇ ಬೆಳೆಯೋ ಹೂವು ಅದೊಂದೇ, ಅದಕ್ಕೇ ಇಟ್ಟೆ.

ಹೊನ್ನವ್ವ ಕೂಸನ್ನ ತಿರುಗಿ ತೊಟ್ಟಿಲಿಗೆ ಹಾಕಿದಳು. ಆಮೇಲೆ ದೊಡ್ಡ ಮಗಳನ್ನ ಹತ್ರ ಎಳ್ಕೊಂಡು, ಹಂಗಾದ್ರೆ ನಿನ್ನ ಹೆಸರೂ ಬದಲಾಯಿಸೋಣ ಕಣೇ, ಏನು ಬೇಕು ಕೇಳು, ಯಾವ ರಾಣಿ ಹೆಸರು ಬೇಕು ಅಂದಳಂತೆ.

ತಿಪ್ಪವ್ವ ಯೋಚನೆ ಮಾಡಿದಳು. ಮಗಾ, ಹತ್ತು ವರ್ಷದಿಂದ ಕಾದಿದ್ದ ಮಾತು ಅದು. ತೊಟ್ಟಿಲ ಕಡೆ ನೋಡಿದಳು. ಬೇಡವ್ವಾ ಅಂದಳು. ನಾನು ಬದಲಾಯಿಸಿಕೊಂಡ್ರೆ ಇವಳ ಹೆಸರು ಒಂಟಿ ಆಗುತ್ತೆ.

ಆಗ ಒಬ್ಬಳು ಹೆಂಗಸು ಎದ್ದುಬಂದು ತಿಪ್ಪವ್ವನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದಿದಳಂತೆ. ಅವಳು ಕುಂಬಾರರೋಳು, ಬೂದೆವ್ವನ ತಾಯಿ. ಆಮೇಲೆ ಎಲ್ಲರೂ ಗುದ್ದಿದ್ರು.

ತುಂಬೆವ್ವ ಬದುಕಿದಳು. ಯಾಕೆ ಅಂತ ಕೇಳಬೇಡ, ಅವನ ಕಾಲು ಆ ಕಡೆ ಹೋಗಲಿಲ್ಲ, ಅಷ್ಟೆ. ಅಕ್ಕ ತಂಗಿ ಇಬ್ಬರೂ ಹಲ್ಲು ಬಿದ್ದು ಮತ್ತೆ ಹುಟ್ಟೋವರೆಗೂ ಸುಖವಾಗಿದ್ರಂತೆ, ಮತ್ತೆ ಹುಟ್ಟಿದ್ದು ಮಾತ್ರ ನಾನು ಸೇರಿಸಿದ್ದು. ಕತೆ ಮುಗೀತು, ದೀಪ ಸಣ್ಣ ಮಾಡು, ಇನ್ನು ನಿನ್ನ ನಿದ್ದೆ ನಿಂದು, ನನ್ನ ನಿದ್ದೆ ನಂದು.